ಓದುಗರ ಪ್ರಶ್ನೆ, ವಕೀಲರ ಉತ್ತರ: ದಾನಪತ್ರಕ್ಕೆ ಸಹಿ ಹಾಕಿದ ಮೇಲೆ

ಪ್ರಶ್ನೆ: ನನಗೆ 71 ವರ್ಷ. ಯಜಮಾನರು ತೀರಿಕೊಂಡ ಮೇಲೆ ಸಾಗರದ ಮನೆ ನನ್ನ ಹೆಸರಿಗೆ ಬಂದಿತ್ತು. ಎರಡು ವರ್ಷದ ಹಿಂದೆ ಕಿರಿಯ ಮಗ, ತನ್ನ ಹೆಸರಿಗಿದ್ದರೆ ಸಾಲ ಸುಲಭವಾಗಿ ಸಿಗುತ್ತದೆ, ಕೊನೆತನಕ ನಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ದಾನಪತ್ರ ಮಾಡಿಸಿಕೊಂಡ. ಈಗ ಕೆಳಗಿನ ಮನೆಯ ಬಾಡಿಗೆಯನ್ನೂ ಅವನೇ ತೆಗೆದುಕೊಳ್ಳುತ್ತಾನೆ. ಔಷಧಿಗೆ ದುಡ್ಡು ಕೇಳಿದರೆ ಮಗಳ ಮನೆಗೆ ಹೋಗು ಎನ್ನುತ್ತಾನೆ. ಕೊಟ್ಟದ್ದನ್ನು ವಾಪಸು ಪಡೆಯಬಹುದೇ?
– ಹೆಸರು ಬೇಡ, ಸಾಗರ

ಉತ್ತರ: ನೋಂದಾಯಿತ ದಾನಪತ್ರವನ್ನು ಕೊಟ್ಟವರು ಮನಸ್ಸು ಬದಲಾಯಿತು ಎಂಬ ಕಾರಣಕ್ಕೆ ತಾವಾಗಿಯೇ ರದ್ದು ಮಾಡಲಾಗದು. ಆದರೆ 60 ದಾಟಿದವರಿಗಾಗಿ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಕಲಮು ಬೇರೊಂದು ದಾರಿಯನ್ನು ಇಟ್ಟಿದೆ. ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ವರ್ಗಾಯಿಸಿ, ಪಡೆದವನು ಆ ಷರತ್ತನ್ನು ಪಾಲಿಸದಿದ್ದರೆ, ಆ ವರ್ಗಾವಣೆ ವಂಚನೆಯಿಂದ ಅಥವಾ ಒತ್ತಾಯದಿಂದ ಆದದ್ದೆಂದು ಭಾವಿಸಿ, ಕೊಟ್ಟವರು ಬಯಸಿದಲ್ಲಿ ನ್ಯಾಯಮಂಡಳಿಯು ಅದನ್ನು ಅನೂರ್ಜಿತವೆಂದು ಘೋಷಿಸಬಹುದು.

ತೊಡಕು ಇರುವುದು ‘ಷರತ್ತು’ ಎಂಬ ಮಾತಿನಲ್ಲಿ. ನಮ್ಮ ಪತ್ರಬರಹಗಾರರು ಬರೆಯುವ ದಾನಪತ್ರಗಳಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂಬ ಸಾಲು ತಪ್ಪದೆ ಇರುತ್ತದೆ, ನೋಡಿಕೊಳ್ಳಬೇಕೆಂಬ ಸಾಲು ಮಾತ್ರ ಅಪರೂಪ. (ಮಗನ ಎದುರಿಗೇ ಅದನ್ನು ಬರೆಸಿ ಎನ್ನಲು ಯಾವ ತಾಯಿಗೆ ಬಾಯಿ ಬರುತ್ತದೆ?) ಷರತ್ತು ಇತ್ತೆಂಬುದೇ ಸಾಬೀತಾಗದಿದ್ದರೆ ಈ ಕಲಮು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಆದರೆ 2025ರ ಜನವರಿ 2ರಂದು ಮಧ್ಯಪ್ರದೇಶದ ಊರ್ಮಿಳಾ ದೀಕ್ಷಿತ್ ಅವರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದಾನಪತ್ರ ಮಾಡಿದ ದಿನವೇ ನೋಡಿಕೊಳ್ಳುವುದಾಗಿ ಮಗ ಪ್ರತ್ಯೇಕವಾಗಿ ಬರೆದುಕೊಟ್ಟಿದ್ದನೆಂಬ ವಚನಪತ್ರವನ್ನೂ ಪರಿಗಣಿಸಿ, ಕಾಯ್ದೆ ಹಿರಿಯರ ಹಿತಕ್ಕಾಗಿ ಇರುವುದರಿಂದ ಅದನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿ ದಾನಪತ್ರವನ್ನು ರದ್ದುಪಡಿಸಿತು. ಆದ್ದರಿಂದ ಮೊದಲು ನಿಮ್ಮ ಪತ್ರದ ದೃಢೀಕೃತ ನಕಲನ್ನು ಪಡೆದು ಪೂರ್ತಿ ಓದಿಸಿಕೊಳ್ಳಿ. ಅದರಲ್ಲಿ ಷರತ್ತು ಇಲ್ಲದಿದ್ದರೆ, ಮಗ ಆ ದಿನಗಳಲ್ಲಿ ಮೊಬೈಲಿಗೆ ಕಳಿಸಿದ ಸಂದೇಶ, ಬೇರೆ ಕಾಗದ, ಸಾಕ್ಷಿ ಹಾಕಿದವರ ಹೇಳಿಕೆ, ಹೀಗೆ ಮಾತು ಕೊಟ್ಟದ್ದನ್ನು ತೋರಿಸುವ ಏನಿದ್ದರೂ ಕೂಡಿಡಿ.

ಅರ್ಜಿಯನ್ನು ನಿಮ್ಮ ಊರಿನಲ್ಲೇ ಇರುವ ಉಪವಿಭಾಗಾಧಿಕಾರಿಗಳ (ಎ.ಸಿ.) ಕಚೇರಿಗೆ ಸಲ್ಲಿಸಬೇಕು, ಅವರೇ ನ್ಯಾಯಮಂಡಳಿಯ ಮುಖ್ಯಸ್ಥರು. ಮನೆ ಹಿಂತಿರುಗಿಸುವ ಕೋರಿಕೆ ಗೆಲ್ಲಲಿ ಸೋಲಲಿ, ಅದರೊಂದಿಗೆ ಪೋಷಣಾ ವೆಚ್ಚವನ್ನೂ ಕೇಳಿ. ಅದು ಷರತ್ತನ್ನು ಅವಲಂಬಿಸಿಲ್ಲ, ಕಾಯ್ದೆಯ ಪ್ರಕಾರ ತಿಂಗಳಿಗೆ 10,000 ರೂಪಾಯಿವರೆಗೆ ಆದೇಶಿಸಬಹುದು. ಒತ್ತಾಯದಿಂದ ಅಥವಾ ಸುಳ್ಳು ಹೇಳಿ ಸಹಿ ಮಾಡಿಸಿಕೊಂಡಿದ್ದಾನೆ ಎಂಬ ನೆಲೆಯಲ್ಲಿ ಸಿವಿಲ್ ದಾವೆಯನ್ನೂ ಹೂಡಬಹುದು. ಆದರೆ ಅದಕ್ಕೆ ವಿಷಯ ತಿಳಿದಂದಿನಿಂದ ಮೂರು ವರ್ಷಗಳ ಕಾಲಮಿತಿ ಇದೆ, ನಿಮ್ಮಲ್ಲಿ ಉಳಿದಿರುವ ಸಮಯ ಹೆಚ್ಚಿಲ್ಲ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಇಂದೇ ಮಾಡಬೇಕಾದ ಇನ್ನೊಂದು ಕೆಲಸವಿದೆ: ಋಣಭಾರ ಪತ್ರ (ಇ.ಸಿ.) ತೆಗೆಸಿ, ಮಗ ಆ ಮನೆಯನ್ನು ಅಡವಿಟ್ಟಿದ್ದಾನೆಯೇ ನೋಡಿ. ಬ್ಯಾಂಕಿನ ಸಾಲ ಅದರ ಮೇಲಿದ್ದರೆ ನಿಮ್ಮ ವಕೀಲರಿಗೆ ಆರಂಭದಲ್ಲೇ ತಿಳಿಯಬೇಕು, ಇಲ್ಲದಿದ್ದರೆ ಪರಭಾರೆಗೆ ತಡೆಯಾಜ್ಞೆಯನ್ನು ಬೇಗ ಕೇಳಬೇಕು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಧಾರವಾಡದಲ್ಲಿ ಒಬ್ಬರೇ ಇರುವ ನಿವೃತ್ತ ಶಿಕ್ಷಕರಾದ ನನ್ನ ತಂದೆಯವರು (78) ಎಟಿಎಂ ಕಾರ್ಡನ್ನೂ ಪಿನ್ನನ್ನೂ ದೊಡ್ಡಪ್ಪನ ಮಗನ ಕೈಗೆ ಕೊಟ್ಟಿದ್ದಾರೆ. ಪಾಸ್‌ಬುಕ್ಕಿನಲ್ಲಿ ಲೆಕ್ಕ ತಾಳೆಯಾಗುತ್ತಿಲ್ಲ. ಕೇಳಿದರೆ ‘ಅಂವ ಬರೋದು ಬಿಟ್ಟರ ನನಗ ಯಾರದಾರವ್ವಾ’ ಎನ್ನುತ್ತಾರೆ.
– ಒಬ್ಬ ಮಗಳು

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲೇ ಇಡೀ ಸಮಸ್ಯೆಯಿದೆ. ಅವರಿಗೆ ಮೋಸ ಗೊತ್ತಾಗುತ್ತಿಲ್ಲವೆಂದು ನನಗೆ ಅನಿಸುವುದಿಲ್ಲ. ಆಸ್ಪತ್ರೆಗೆ ಜೊತೆಯಾಗಿ ಬರುವ ಒಬ್ಬನನ್ನು ಉಳಿಸಿಕೊಳ್ಳಲು ಅವರು ಅದನ್ನು ಕಂಡೂ ಕಾಣದಂತೆ ಇದ್ದಾರೆ. ಆದ್ದರಿಂದ ಆರೋಪದಿಂದ ಆರಂಭಿಸಬೇಡಿ. ಅವನು ಮಾಡುವ ಓಡಾಟಕ್ಕೆ ತಿಂಗಳಿಗೆ ಇಷ್ಟು ಎಂದು ಎಲ್ಲರ ಎದುರು ಗೊತ್ತು ಮಾಡಿ, ನೀವೇ ಕೊಡಿ. ಅದಾದ ಮೇಲೆ ತಂದೆಯವರ ಒಪ್ಪಿಗೆಯಿಂದ ಎರಡನೆಯ ಖಾತೆಯೊಂದನ್ನು ತೆರೆದು, ಮನೆಖರ್ಚಿಗೆ ಬೇಕಾದಷ್ಟನ್ನು ಮಾತ್ರ ಅದಕ್ಕೆ ವರ್ಗಾಯಿಸಿ, ಆ ಖಾತೆಯ ಕಾರ್ಡನ್ನಷ್ಟೇ ಹೊರಗೆ ಕೊಡಲಿ. ಪಿಂಚಣಿ ಖಾತೆಯ ಪಿನ್ ಬದಲಾಗಲಿ. ಪಿನ್ನನ್ನು ತಾವೇ ಹೇಳಿಕೊಟ್ಟಿದ್ದರೆ, ದೂರು ಕೊಡುವ ಮೊದಲು ಹೋದ ಹಣಕ್ಕೆ ಬ್ಯಾಂಕು ಹೊಣೆಯಾಗುವುದಿಲ್ಲ.

ಬ್ಯಾಂಕಿಗೆ ಹೋಗಲಾಗದು ಎಂಬುದೇ ಕಾರ್ಡ್ ಕೊಡಲು ಕಾರಣವಾಗಿದ್ದರೆ, 70 ದಾಟಿದವರ ಮನೆಬಾಗಿಲಿಗೆ ಹಣ ತಲುಪಿಸುವ ಸೇವೆಯನ್ನು ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಯಲ್ಲಿ ಲಿಖಿತವಾಗಿ ಕೇಳಿ. ಸಹಿ ಮಾಡಿದ ಖಾಲಿ ಚೆಕ್ಕುಗಳೇನಾದರೂ ಮನೆಯಲ್ಲಿದ್ದರೆ ಹರಿದುಹಾಕಿ. ಅವನ ಬಳಿ ಇದ್ದರೆ ಆ ಸಂಖ್ಯೆಗಳಿಗೆ ಪಾವತಿ ತಡೆ ಕೊಡಿಸಿ.

ಪ್ರಶ್ನೆ: ಮುಂದೆ ಜಗಳವಾಗುವುದು ಬೇಡವೆಂದು, ನನ್ನ ಸ್ವಯಾರ್ಜಿತ ಜಮೀನು ಮತ್ತು ಮನೆಯನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಡಬಹುದೇ?
– ನಿವೃತ್ತ ನೌಕರ, ಹಾಸನ

ಉತ್ತರ: ಮಾಡಬಹುದು, ಆದರೆ ನಾನು ಬೇಡವೆನ್ನುತ್ತೇನೆ. ಉಯಿಲು ಬರೆಯಿರಿ. ಅದು ನಿಮ್ಮ ಕಾಲಾನಂತರವಷ್ಟೇ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಒಳ್ಳೆಯದು. ಈಗಲೇ ಕೊಡಲೇಬೇಕೆಂದಿದ್ದರೆ, ನೀವೂ ನಿಮ್ಮ ಪತ್ನಿಯೂ ಬದುಕಿರುವಷ್ಟು ಕಾಲ ಅಲ್ಲಿ ವಾಸಿಸುವ ಮತ್ತು ಫಸಲನ್ನು, ಬಾಡಿಗೆಯನ್ನು ಪಡೆಯುವ ಹಕ್ಕು ನಿಮ್ಮದೇ ಎಂಬುದನ್ನೂ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಡುತ್ತಿದ್ದೀರಿ ಎಂಬುದನ್ನೂ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. ಕರಡನ್ನು ಮಕ್ಕಳು ಗೊತ್ತು ಮಾಡಿದ ವಕೀಲರಿಗಲ್ಲದೆ, ನೀವೇ ಆರಿಸಿಕೊಂಡ ಬೇರೊಬ್ಬರಿಗೆ ತೋರಿಸಿ.