ಹಿಟಾಚಿ, ರೋಲರ್‌ಗಳನ್ನು ಟ್ರೇಲರ್‌ಗೆ ಹತ್ತಿಸಿ ಕಟ್ಟುವುದನ್ನು ಹೊಸ ಹುಡುಗರಿಗೆ ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಹಿಟಾಚಿ, ಜೆಸಿಬಿ, ಮಣ್ಣಿನ ರೋಲರ್ ಬಾಡಿಗೆಗೆ ಬಿಡುತ್ತಿದ್ದೀರಿ, ಈಗ ಮೆಷಿನ್ ಸಾಗಿಸಲು ಸ್ವಂತ ಲೋ ಬೆಡ್ (ತಗ್ಗು ಹಾಸಿನ) ಟ್ರೇಲರ್ ತಗೊಂಡಿದ್ದೀರಿ, ಹುಡುಗರೆಲ್ಲ ಹೊಸಬರು. ಚೈನ್ ಎಲ್ಲೆಲ್ಲಿ ಹಾಕಬೇಕು ಅಂತ ಒಂದು ದಿನ ತೋರಿಸಿದರೆ ಸಾಕಾ, ಇದಕ್ಕೆ ಸರ್ಟಿಫಿಕೇಟ್ ಬೇಕಾ ಅಂತ ಕೇಳಿದ್ದೀರಿ. ನಾನು ಹೊಸಪೇಟೆ ಕಡೆ ಮೆಷಿನ್ ಯಾರ್ಡ್ ನೋಡಿಕೊಳ್ಳುತ್ತೇನೆ. ಗಣಿ ಕಡೆಯಿಂದ ಹುಬ್ಬಳ್ಳಿಗೆ, ಅಲ್ಲಿಂದ ಘಟ್ಟ ಇಳಿದು ಅಂಕೋಲಾ ಕಡೆಗೆ ಮೆಷಿನ್ ಕಳಿಸುವುದು, ಹೊಸಬರಿಗೆ ಕಲಿಸುವುದು ನನ್ನ ಕೆಲಸವೇ. ಒಂದು ದಿನ ಸಾಲುವುದಿಲ್ಲ. ಚೈನ್ ಎಲ್ಲಿ ಹಾಕಬೇಕು ಅನ್ನುವುದು ಮೊದಲ ಪಾಠವೂ ಅಲ್ಲ.

ಮೊದಲು ಹುಡುಗರ ತಲೆಯಿಂದ ಒಂದು ನಂಬಿಕೆ ತೆಗೆಯಬೇಕು. "ಇಪ್ಪತ್ತು ಟನ್ ಮೆಷಿನ್ ಅಣ್ಣಾ, ಎಲ್ಲಿಗೆ ಹೋಗುತ್ತೆ ಅದು?" ಅನ್ನುವ ನಂಬಿಕೆ. ಹಳೇ ಡ್ರೈವರ್‌ಗಳೂ ಇದನ್ನೇ ಹೇಳುತ್ತಾರೆ. ಟ್ರ್ಯಾಕ್ (ಚಕ್ರದ ಬದಲು ಇರುವ ಕಬ್ಬಿಣದ ಪಟ್ಟಿ) ಮುಂದೆ ಎರಡು ಮರದ ತುಂಡು ಒತ್ತಿ, ಒಂದು ಹಗ್ಗ ಸುತ್ತಿ ಹೊರಟುಬಿಡುತ್ತಾರೆ. ಈ ನಂಬಿಕೆ ಇರುವ ತನಕ ನೀವು ಎಷ್ಟು ತೋರಿಸಿದರೂ, ನೀವು ಯಾರ್ಡ್‌ನಲ್ಲಿ ಇಲ್ಲದ ದಿನ ಅವರು ಎರಡೇ ಚೈನ್ ಹಾಕಿ ಕಳಿಸುತ್ತಾರೆ. ಅವರಿಗೆ ನಾಲ್ಕು ಚೈನ್ ಅನ್ನುವುದು ಓನರ್ ಹೇಳಿದ ಶಾಸ್ತ್ರ ಅಷ್ಟೇ ಆಗಿರುತ್ತದೆ.

ಅದಕ್ಕೆ ನಾನು ಮಾಡುವುದು ಇಷ್ಟು. ಒಂದು ಮೀಟರ್ ಉದ್ದದ ಕಬ್ಬಿಣದ ಪ್ಲೇಟ್ ನೆಲದ ಮೇಲೆ ಇಡಿ. ಅದರ ಮೇಲೆ ಒಂದು ಸಣ್ಣ ಕಬ್ಬಿಣದ ತುಂಡು, ಪಕ್ಕದಲ್ಲಿ ಅದರ ಐದಾರು ಪಟ್ಟು ತೂಕದ ಇನ್ನೊಂದು ತುಂಡು. ಪ್ಲೇಟ್ ಮೇಲೆ ಸ್ವಲ್ಪ ಆಯಿಲ್, ಸ್ವಲ್ಪ ನೀರು ಚೆಲ್ಲಿ, ಒಂದು ತುದಿ ಹಿಡಿದು ನಿಧಾನ ಮೇಲೆತ್ತಲು ಹುಡುಗರಿಗೇ ಹೇಳಿ. ಯಾವುದು ಮೊದಲು ಜಾರುತ್ತೆ ಅಂತ ಕೇಳಿದರೆ ಎಲ್ಲರೂ ಸಣ್ಣದು ಅನ್ನುತ್ತಾರೆ. ಎರಡೂ ಹತ್ತಿರ ಹತ್ತಿರ ಒಂದೇ ಎತ್ತರಕ್ಕೆ ಜಾರುತ್ತವೆ. ಆಮೇಲೆ ಪ್ಲೇಟ್ ಒರೆಸಿ, ಅದರ ಮೇಲೆ, ಕಬ್ಬಿಣದ ತುಂಡುಗಳ ಕೆಳಗೆ, ಹಳೇ ಕನ್ವೇಯರ್ ಬೆಲ್ಟ್ (ಸರಕು ಸಾಗಿಸುವ ದಪ್ಪ ರಬ್ಬರ್ ಪಟ್ಟಿ) ತುಂಡು ಹಾಸಿ ಅದೇ ಕೆಲಸ ಮಾಡಿಸಿ. ಈಗ ತುದಿಯನ್ನು ಹಿಂದಿಗಿಂತ ಎಷ್ಟೋ ಮೇಲೆ ಎತ್ತಬೇಕಾಗುತ್ತದೆ. ತೂಕ ಹಿಡಿದಿಡುವುದಿಲ್ಲ, ಕೆಳಗಿನ ಹಿಡಿತ ಮತ್ತು ಚೈನ್ ಹಿಡಿದಿಡುತ್ತದೆ ಅನ್ನುವುದು ಆಗ ಅವರಿಗೇ ಕಾಣುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಇದಾದ ಮೇಲೆ ಲೆಕ್ಕ ಹೇಳಿ. ಲೆಕ್ಕ ಅಂದರೆ ಹುಡುಗರು ಹೆದರುತ್ತಾರೆ ಅಂದುಕೊಳ್ಳಬೇಡಿ, ಏಳನೇ ಕ್ಲಾಸ್ ಓದಿದವನಿಗೂ ಇದು ಅರ್ಥ ಆಗುತ್ತದೆ. ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಲೋಡ್ ಕಟ್ಟುವುದಕ್ಕೆ ಇರುವ ನಿಯಮಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಮುಂದಕ್ಕೆ ತೂಕದ 80%, ಹಿಂದಕ್ಕೆ ಮತ್ತು ಪಕ್ಕಕ್ಕೆ 50% ಬಲ ತಡೆಯುವಷ್ಟು ಕಟ್ಟಬೇಕು. ಅಂದರೆ 20 ಟನ್ ಹಿಟಾಚಿ ಜೋರು ಬ್ರೇಕ್ ಬಿದ್ದಾಗ 16 ಟನ್ ಬಲದಲ್ಲಿ ಡ್ರೈವರ್ ಕ್ಯಾಬಿನ್ ಕಡೆ ನುಗ್ಗಬಹುದು. ಕೆಸರು ಮೆತ್ತಿದ ಕಬ್ಬಿಣದ ಟ್ರ್ಯಾಕ್, ಕೆಳಗೆ ಒದ್ದೆ ಕಬ್ಬಿಣದ ಡೆಕ್, ಅಂದರೆ ಟ್ರೇಲರ್ ಹಾಸು. ಅಲ್ಲಿ ಸಿಗುವ ಹಿಡಿತ ತೂಕದ 10ರಿಂದ 20%. ಬಹಳ ಅಂದರೆ 4 ಟನ್. ಉಳಿದ 12 ಟನ್ ಚೈನ್ ಮೇಲೆ. ಅದೇ ಡೆಕ್ ಗುಡಿಸಿ, ಟ್ರ್ಯಾಕ್ ಕೆಸರು ಕೆರೆದು, ಕೆಳಗೆ ಒಳ್ಳೆ ರಬ್ಬರ್ ಹಾಸಿದರೆ ಹಿಡಿತ 40% ದಾಟುತ್ತದೆ. ಆಗ ಚೈನ್ ಮೇಲೆ ಬೀಳುವುದು 8 ಟನ್. ಒಂದು ಪೊರಕೆ ಮತ್ತು ಗುಜರಿ ಬೆಲ್ಟ್ ಚೈನ್ ಕೆಲಸದಲ್ಲಿ ಮೂರನೇ ಒಂದು ಭಾಗ ಇಳಿಸಿತು! ನಮ್ಮ ಸಂಡೂರು, ತೋರಣಗಲ್ಲು ಕಡೆ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಿಗುತ್ತದೆ, ನಿಮ್ಮ ಕಡೆ ಸಿಗದಿದ್ದರೆ ತರಿಸಿಕೊಳ್ಳಿ, ದುಡ್ಡು ಕೊಟ್ಟರೂ ನಷ್ಟ ಇಲ್ಲ.

ಚೈನ್ ಬಗ್ಗೆ. ಗ್ರೇಡ್ 80 (ಚೈನ್ ಎಷ್ಟು ಗಟ್ಟಿ ಅನ್ನುವ ದರ್ಜೆ) ಅಂತ ಕೇಳಿ ತಗೊಳ್ಳಿ, ಕೊಂಡಿಗಳ ಮೇಲೆ ಅಲ್ಲಲ್ಲಿ 8 ಅಥವಾ 80 ಅಂತ ಒತ್ತಿರುತ್ತದೆ. 10 ಎಂಎಂ ಗ್ರೇಡ್ 80 ಚೈನ್ ಎತ್ತುವ ಕೆಲಸಕ್ಕೆ 3.15 ಟನ್, ಕಟ್ಟುವ ಕೆಲಸಕ್ಕೆ ನೇರವಾಗಿ ಎಳೆದಾಗ 6.3 ಟನ್ ಲೆಕ್ಕ. 13 ಎಂಎಂ ಆದರೆ ಕಟ್ಟುವುದಕ್ಕೆ 10 ಟನ್. ಆದರೆ ನೀವು ನೇರವಾಗಿ ಎಳೆಯುವುದಿಲ್ಲ, ಓರೆಯಾಗಿ ಕಟ್ಟುತ್ತೀರಿ, ಕಾಲು ಭಾಗ ಅಲ್ಲೇ ಹೋಯಿತು ಅಂದುಕೊಳ್ಳಿ. ಬ್ರೇಕ್ ಬಿದ್ದಾಗ ತಡೆಯುವುದು ನಾಲ್ಕರಲ್ಲಿ ಹಿಂದಿನ ಎರಡೇ ಚೈನ್, 10 ಎಂಎಂ ಆದರೆ ಎರಡೂ ಸೇರಿ 9.5 ಟನ್ ಹತ್ತಿರ ಬರುತ್ತದೆ. ರಬ್ಬರ್ ಇದ್ದರೆ ಸಾಕಾಗುತ್ತದೆ, ಇಲ್ಲದಿದ್ದರೆ ಸಾಲದು. 20 ಟನ್ ಮೆಷಿನ್‌ಗೆ ನಾನು 13 ಎಂಎಂ ಬಿಟ್ಟು ಬೇರೆ ಹಾಕಿಸುವುದಿಲ್ಲ. ಬೈಂಡರ್ (ಚೈನ್ ಬಿಗಿ ಮಾಡುವ ಸಾಧನ), ಹುಕ್, ಡೆಕ್ ಮೇಲಿನ ಕೊಂಡಿ ಕೂಡ ಅಷ್ಟೇ ಗಟ್ಟಿ ಇರಬೇಕು ಅನ್ನುವುದನ್ನು ಮರೆಯಬೇಡಿ, ಲೋಕಲ್ ವರ್ಕ್‌ಶಾಪ್‌ನಲ್ಲಿ ಬೆಸುಗೆ ಹಾಕಿದ ರಿಂಗ್ ಇದ್ದರೆ ಚೈನ್ ಎಷ್ಟು ದಪ್ಪ ಇದ್ದರೂ ಪ್ರಯೋಜನ ಇಲ್ಲ. ಚೈನಿನ ಕೊಂಡಿ ಸವೆದು ದಪ್ಪದಲ್ಲಿ 10% ಕಡಿಮೆ ಆದರೆ ಆ ಚೈನ್ ಗುಜರಿಗೆ. ಗಂಟು ಹಾಕುವ ಹಾಗಿಲ್ಲ, ಬೋಲ್ಟ್ ಹಾಕಿ ಜೋಡಿಸುವ ಹಾಗಿಲ್ಲ, ವೆಲ್ಡಿಂಗ್ ಅಂತೂ ಮುಟ್ಟಲೇಬಾರದು.

ಇನ್ನು ದಿಕ್ಕು. ಹೊಸಬರು ಜಾಸ್ತಿ ತಪ್ಪು ಮಾಡುವುದು ಇಲ್ಲೇ. ಮೆಷಿನ್ ಮುಂದಕ್ಕೆ ಹೋಗದಂತೆ ತಡೆಯುವುದು ಹಿಂದಕ್ಕೆ ಎಳೆಯುವ ಚೈನ್, ಅಂದರೆ ಡೆಕ್‌ನ ಹಿಂದಿನ ಕೊಂಡಿಗೆ ಹೋಗುವ ಚೈನ್. ಮುಂದಿನ ಕೊಂಡಿಗೆ ಹೋಗುವ ಚೈನ್ ಬ್ರೇಕ್ ಹಾಕಿದಾಗ ಸಡಿಲ ಆಗುತ್ತದೆ ಅಷ್ಟೇ, ಅದು ಇರುವುದು ಏರು ಹತ್ತುವಾಗಿನ ಕೆಲಸಕ್ಕೆ. ಹುಡುಗರ ಕೈಗೆ ಸೀಮೆಸುಣ್ಣ ಕೊಟ್ಟು, ಪ್ರತಿ ಚೈನ್ ಯಾವ ಕಡೆ ಹೋಗುವುದನ್ನು ತಡೆಯುತ್ತೆ ಅಂತ ಡೆಕ್ ಮೇಲೆ ಬಾಣ ಬರೆಸಿ. ಚೈನ್‌ಗಳು ಮೆಷಿನ್‌ನ ನಾಲ್ಕೂ ಮೂಲೆಯಿಂದ ಹೊರಕ್ಕೆ, ಡೆಕ್‌ಗೆ 45 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಇರಬೇಕು. ನೆಟ್ಟಗೆ ಕೆಳಕ್ಕೆ ಎಳೆದು ಕಟ್ಟಿದ ಚೈನ್ ನೋಡುವುದಕ್ಕೆ ಬಿಗಿಯಾಗಿರುತ್ತದೆ, ಬ್ರೇಕ್ ಬಿದ್ದಾಗ ಕೆಲಸಕ್ಕೆ ಬರುವುದು ಕಡಿಮೆ. ಕಟ್ಟುವ ಜಾಗಕ್ಕೆ ಮೆಷಿನ್ ಮೇಲೆ ಕಂಪನಿಯವರೇ ಹುಕ್ ಗುರುತಿನ ಸ್ಟಿಕ್ಕರ್ ಹಚ್ಚಿರುತ್ತಾರೆ, ಅದನ್ನು ಹುಡುಕಿಸಿ. ಸಿಲಿಂಡರ್ ರಾಡ್, ಹೋಸ್ ಪೈಪ್, ಮೆಟ್ಟಿಲು, ಇವುಗಳಿಗೆ ಚೈನ್ ತಾಗಲೂಬಾರದು.

ಹತ್ತಿಸುವುದು ಬೇರೆಯೇ ಪಾಠ, ಪ್ರಾಣ ಹೋಗುವ ಜಾಗ ಅದು. ಬಕೆಟ್ ಊರಿಕೊಂಡು ರ‍್ಯಾಂಪೇ ಇಲ್ಲದೆ ಟ್ರೇಲರ್ ಹತ್ತುವ ಆಪರೇಟರ್‌ಗಳ ವಿಡಿಯೋ ಎಲ್ಲರ ಫೋನ್‌ನಲ್ಲೂ ಇರುತ್ತದೆ. ನಿಮ್ಮ ಹುಡುಗರು ಅದನ್ನು ನೋಡಿಯೇ ಬಂದಿರುತ್ತಾರೆ. ನಿಮ್ಮ ಯಾರ್ಡ್‌ನಲ್ಲಿ ಅದು ಆಗಬಾರದು, ಎಷ್ಟೇ ಚುರುಕು ಆಪರೇಟರ್ ಆಗಿದ್ದರೂ ಸರಿ. ರ‍್ಯಾಂಪ್ ಏರು 15 ಡಿಗ್ರಿ ದಾಟಬಾರದು. ಡೆಕ್ ಒಂದು ಮೀಟರ್ ಎತ್ತರ ಇದ್ದರೆ ರ‍್ಯಾಂಪ್ ಹತ್ತಿರ ಹತ್ತಿರ ನಾಲ್ಕು ಮೀಟರ್ ಉದ್ದ ಬೇಕು ಅಂತ ಆಯಿತು. ಸೈಟ್‌ನಲ್ಲಿ ಮಣ್ಣಿನ ದಿಬ್ಬಕ್ಕೆ ಟ್ರೇಲರ್ ಒತ್ತಿ ಹತ್ತಿಸುವುದು ನಮ್ಮಲ್ಲಿ ರೂಢಿ, ಅದು ತಪ್ಪಲ್ಲ, ಆದರೆ ದಿಬ್ಬದ ಅಂಚು ಹೊಸ ಮಣ್ಣಾಗಿದ್ದರೆ ಟ್ರ್ಯಾಕ್ ಭಾರಕ್ಕೆ ಕುಸಿಯುತ್ತದೆ. ಹತ್ತಿಸುವ ಮುಂಚೆ ಅದನ್ನು ಬಕೆಟ್‌ನಿಂದ ಒತ್ತಿಸಿ ಗಟ್ಟಿ ಮಾಡಿಸಿ.

ಟ್ರೇಲರ್ ಸಮತಟ್ಟು ನೆಲದಲ್ಲಿ ನಿಂತಿರಬೇಕು, ಎಂಜಿನ್ ಗಾಡಿಗೆ ಜೋಡಿಸಿರಬೇಕು, ಬ್ರೇಕ್ ಹಾಕಿ ಚಕ್ರಕ್ಕೆ ಅಡೆ ಕೊಟ್ಟಿರಬೇಕು. ಭಾರ ಹಿಂದಿನ ತುದಿಗೆ ಬಿದ್ದಾಗ ಟ್ರೇಲರ್ ಮುಂಭಾಗ ಏಳುತ್ತದೆ, ಅದಕ್ಕೆ ಬಾಲದ ಕೆಳಗೆ ಮರದ ಸ್ಲೀಪರ್ ಇಡಿಸಿ. ರ‍್ಯಾಂಪ್ ಮೇಲೆ ಹೋದ ಮೇಲೆ ಟ್ರ್ಯಾಕ್ ತಿರುಗಿಸುವಂತಿಲ್ಲ, ಮೇಲಿನ ಭಾಗ ತಿರುಗಿಸುವಂತಿಲ್ಲ. ಸಾಲು ತಪ್ಪಿದರೆ ಕೆಳಗೆ ಇಳಿದು ಮತ್ತೆ ಹತ್ತಬೇಕು. ರ‍್ಯಾಂಪ್ ಮುಗಿದು ಡೆಕ್ ಶುರುವಾಗುವ ಜಾಗದಲ್ಲಿ ಮೆಷಿನ್ ಒಮ್ಮೆ ಮುಂದಕ್ಕೆ ವಾಲುತ್ತದೆ, ಅಲ್ಲಿ ಆಮೆ ನಡಿಗೆ. ಆ ಹೊತ್ತಿನಲ್ಲಿ ಡೆಕ್ ಮೇಲಾಗಲಿ, ರ‍್ಯಾಂಪ್ ಪಕ್ಕದಲ್ಲಾಗಲಿ ಒಬ್ಬನೂ ಇರಬಾರದು. "ಸ್ವಲ್ಪ ಲೆಫ್ಟ್" ಅಂತ ಕೂಗಲು ಪಕ್ಕದಲ್ಲಿ ನಿಲ್ಲುವ ಕ್ಲೀನರ್ ಹುಡುಗನೇ ಮೆಷಿನ್ ಮಗುಚಿದಾಗ ಕೆಳಗೆ ಸಿಗುವುದು.

ಸನ್ನೆ ಕೊಡುವವನು ಒಬ್ಬನೇ. ದೂರದಲ್ಲಿ, ಆಪರೇಟರ್ ಕಣ್ಣಿಗೆ ಕಾಣುವ ಕಡೆ. ಆದರೆ ನಿಲ್ಲಿಸು ಅನ್ನುವ ಸನ್ನೆ ಮಾತ್ರ ಯಾರು ಬೇಕಾದರೂ ಕೊಡಬಹುದು, ಕೊಟ್ಟ ಕೂಡಲೇ ಆಪರೇಟರ್ ನಿಲ್ಲಿಸಬೇಕು, ಯಾಕೆ ಅಂತ ಆಮೇಲೆ ಕೇಳಬೇಕು. ಈಗ ಹೆಲ್ಪರ್‌ಗಳಲ್ಲಿ ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದವರೇ ಜಾಸ್ತಿ ಅಲ್ವಾ, ನಿಮ್ಮ ಆಪರೇಟರ್ ಬರೀ ಕನ್ನಡದವನಾಗಿದ್ದರೆ ಎಂಜಿನ್ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಕೈಸನ್ನೆಯನ್ನೇ ಎಲ್ಲರಿಗೂ ಒಂದೇ ರೀತಿ ಕಲಿಸಿ.

ಹತ್ತಿದ ಮೇಲೆ ಹಿಟಾಚಿಯ ಆರ್ಮ್ (ಬಕೆಟ್ ಹಿಡಿದ ತೋಳು), ಬಕೆಟ್ ಪೂರ್ತಿ ಒಳಕ್ಕೆ ಮಡಚಿ, ಬೂಮ್ (ಮೆಷಿನ್‌ಗೆ ಸೇರಿದ ದೊಡ್ಡ ತೋಳು) ಇಳಿಸಿ, ಬಕೆಟ್ ಕೆಳಗೆ ಮರ ಕೊಟ್ಟು ಕೂರಿಸಬೇಕು. ಎಂಜಿನ್ ಆಫ್ ಮಾಡಿ, ಕೀಲಿಯನ್ನು ಆನ್ ಸ್ಥಾನಕ್ಕೆ ತಂದು ಲಿವರ್‌ಗಳನ್ನು ಆಡಿಸಿ ಪ್ರೆಶರ್ ಬಿಡಿಸಿ, ಆಮೇಲೆ ಲಾಕ್ ಹಾಕಿ ಕೀಲಿ ತೆಗೆಯಬೇಕು. ಬಕೆಟ್ ಕಡೆಗೆ ಬೇರೆಯೇ ಒಂದು ಚೈನ್ ಬೇಕು, ಆ ನಾಲ್ಕರಲ್ಲಿ ಸೇರಿಸಿ ಲೆಕ್ಕ ಹಾಕಬೇಡಿ. ಜೆಸಿಬಿಗೆ ಗಾಳಿ ಟೈರ್ ಇರುವುದರಿಂದ ಹಂಪ್ ಮೇಲೆ ಕುಪ್ಪಳಿಸಿ ಚೈನ್ ಸಡಿಲ ಆಗುತ್ತದೆ, ಎರಡೂ ಬಕೆಟ್ ಡೆಕ್ ಮೇಲೆ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡಿ.

ರೋಲರ್ ಅನ್ನು ಕೊನೆಗೆ ಕಲಿಸಿ. ನೋಡಲು ಸಾಧು, ಆದರೆ ನನಗೆ ಎಲ್ಲಕ್ಕಿಂತ ಭಯ ಅದರದ್ದೇ. ನುಣುಪು ಕಬ್ಬಿಣದ ಡ್ರಮ್, ಕಬ್ಬಿಣದ ರ‍್ಯಾಂಪ್, ಮೇಲೆ ಒಂದು ಹನಿ ಮಳೆ ಬಿದ್ದರೆ ಮುಗಿಯಿತು, ಪಕ್ಕಕ್ಕೆ ಜಾರಿ ಮಗುಚುತ್ತದೆ. ರ‍್ಯಾಂಪ್ ಮೇಲೆ ರಬ್ಬರ್ ಹಾಸದೆ ಹತ್ತಿಸಬಾರದು. ಆಪರೇಟರ್ ಸೀಟ್ ಬೆಲ್ಟ್ ಹಾಕಿರಲೇಬೇಕು, ಯಾಕಂದರೆ ಮಗುಚುವಾಗ ಹೊರಗೆ ಹಾರಲು ಹೋದವನ ಮೇಲೇ ಅದು ಬೀಳುತ್ತದೆ. ನಡುವೆ ಮಡಚುವ ಜಾಯಿಂಟ್‌ಗೆ ಲಾಕ್ ಇರುತ್ತದೆ, ಹತ್ತಿಸಿದ ಮೇಲೆ ಅದನ್ನು ಹಾಕದಿದ್ದರೆ ತಿರುವಿನಲ್ಲಿ ಮೆಷಿನ್ ತಾನೇ ಮಡಚಿಕೊಂಡು ಚೈನ್ ಸಡಿಲ ಮಾಡಿಕೊಳ್ಳುತ್ತದೆ.

ಟರ್ಬೊ (ಎಂಜಿನ್‌ಗೆ ಗಾಳಿ ತುಂಬುವ ಫ್ಯಾನ್) ಇರುವ ಮೆಷಿನ್‌ನ ಸೈಲೆನ್ಸರ್ ಬಾಯಿ ಮುಚ್ಚಿ ಟೇಪ್ ಸುತ್ತಿಸಿ. ಓಡುವ ಗಾಡಿಯ ಗಾಳಿಗೆ ಟರ್ಬೊ ತಿರುಗುತ್ತಲೇ ಇರುತ್ತದೆ, ಎಂಜಿನ್ ನಿಂತಿರುವುದರಿಂದ ಆಯಿಲ್ ಹೋಗುವುದಿಲ್ಲ, ಬೇರಿಂಗ್ ಸವೆಯುತ್ತದೆ. ಇಳಿಸಿದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಟೇಪ್ ತೆಗೆಯಬೇಕು.

ಕಟ್ಟುವುದನ್ನು ಎಲ್ಲರೂ ಒಮ್ಮೆ ಮಾಡಿದ ಮೇಲೆ, ನಾನು ಬೇಕಂತಲೇ ತಪ್ಪಾಗಿ ಕಟ್ಟಿಟ್ಟು ಹುಡುಕಲು ಹೇಳುತ್ತೇನೆ. ಒಂದು ಬೈಂಡರ್ ಅರ್ಧ ಮಾತ್ರ ಬಿಗಿ, ಒಂದು ಚೈನ್ ಹೋಸ್ ಪೈಪ್‌ಗೆ ಒತ್ತಿಕೊಂಡಿರುವುದು, ಕ್ಯಾಬಿನ್ ಬಾಗಿಲು ಲಾಕ್ ಇಲ್ಲದಿರುವುದು, ಟ್ರ್ಯಾಕ್ ಸಂದಿಯಲ್ಲಿ ಮುಷ್ಟಿ ಗಾತ್ರದ ಕಲ್ಲು. ಆ ಕಲ್ಲನ್ನು ಹುಡುಕುವವರು ಕಡಿಮೆ. ಹಿಂದೆ ಬರುವ ಬೈಕ್‌ನವನ ಮುಖಕ್ಕೆ ಬೀಳುವುದು ಅದೇ ಕಲ್ಲು ಅಂತ ಹೇಳಿದರೆ ಮುಂದಿನ ಸಲ ತಪ್ಪದೆ ನೋಡುತ್ತಾರೆ.

ಹೊರಟ ಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಒಮ್ಮೆ ನಿಲ್ಲಿಸಿ ಚೈನ್ ನೋಡಬೇಕು, ಮೆಷಿನ್ ಕೂತು ಚೈನ್ ಸಡಿಲ ಆಗಿರುತ್ತದೆ. ಅಮೆರಿಕದ ನಿಯಮದಲ್ಲಿ ಮೊದಲ 80 ಕಿಲೋಮೀಟರ್ ಒಳಗೆ ಅಂತಿದೆ, ನಮ್ಮ ರಸ್ತೆ, ನಮ್ಮ ಹಂಪ್‌ಗಳಿಗೆ ಅದು ತುಂಬಾ ದೂರ. ಅರಬೈಲು ಘಟ್ಟಕ್ಕೆ ಇಳಿಯುವುದಿದ್ದರೆ ಯಲ್ಲಾಪುರದಲ್ಲಿ, ಶಿರಾಡಿಗೆ ಇಳಿಯುವುದಿದ್ದರೆ ಸಕಲೇಶಪುರದಲ್ಲಿ ಮತ್ತೊಮ್ಮೆ. ಎತ್ತರವನ್ನು ಲೋಡ್ ಆದ ಮೇಲೆಯೇ ಅಳೆದು ಡ್ರೈವರ್ ಕಣ್ಣೆದುರು ಬರೆದಿಡಿ, ಹಳ್ಳಿಗಳಲ್ಲಿ ಜೋತುಬಿದ್ದ ಕರೆಂಟ್ ತಂತಿ ಯಾವ ಮ್ಯಾಪ್‌ನಲ್ಲೂ ಇರುವುದಿಲ್ಲ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಅಗಲ 2.6 ಮೀಟರ್ ಒಳಗಿರಬೇಕು. 20 ಟನ್ ಹಿಟಾಚಿಗಳ ಅಗಲವೇ ಸುಮಾರು 2.8 ಮೀಟರ್. ಹಾಗಾಗಿ ಅನುಮತಿ ತಗೊಳ್ಳದೆ ಹೋಗುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಹೊರಚಾಚಿದ ಲೋಡ್‌ಗೆ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ. ಓವರ್‌ಲೋಡ್ ಆದರೆ 20,000ದ ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000. ಸರ್ಟಿಫಿಕೇಟ್ ಕೇಳಿದಿರಲ್ಲ, ಮೆಷಿನ್ ಆಪರೇಟರ್‌ಗಳಿಗೆ ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್‌ನ ಕೋರ್ಸ್‌ಗಳಿವೆ, ಆಪರೇಟರ್‌ಗಳನ್ನು ಕಳಿಸಿ, ದೊಡ್ಡ ಕಂಪನಿಗಳ ಸೈಟ್‌ಗೆ ಹೋಗುವಾಗ ಉಪಯೋಗಕ್ಕೆ ಬರುತ್ತದೆ. ಆದರೆ ನಿಮ್ಮ ಟ್ರೇಲರ್, ನಿಮ್ಮ ಚೈನ್ ಮೇಲೆ ಕಲಿಸುವ ಕೆಲಸ ನಿಮ್ಮದೇ.

ಓನರ್ ಆಗಿ ನಿಮಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕಟ್ಟುವುದಕ್ಕೆ ಮುಕ್ಕಾಲು ಗಂಟೆ ಬೇಕೇ ಬೇಕು. ಆ ಹೊತ್ತಿನಲ್ಲಿ "ಇನ್ನೂ ಹೊರಟಿಲ್ವಾ?" ಅಂತ ನೀವು ಫೋನ್ ಮಾಡಿದರೆ ಇಷ್ಟೂ ಪಾಠ ಹೋಯಿತು. ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಡುವವರಾದರೆ ಆ ಸಮಯಕ್ಕೂ ಸೇರಿಸಿ ಕೊಡಿ. ಕೊನೆಯಲ್ಲಿ ಸುತ್ತು ಹಾಕಿ ನೋಡುವ ಹುಡುಗ ಬೇಡ ಅಂದರೆ ಗಾಡಿ ಹೊರಡಬಾರದು, ಅವನು ಎಷ್ಟೇ ಚಿಕ್ಕವನಾಗಿರಲಿ. ಇದನ್ನು ಡ್ರೈವರ್ ಎದುರಿಗೇ ನೀವು ಹೇಳಿರಬೇಕು, ಇಲ್ಲದಿದ್ದರೆ ಆ ಹುಡುಗ ಬಾಯಿ ಬಿಡುವುದಿಲ್ಲ.

ಇಳಿಸುವುದನ್ನೂ ಇಷ್ಟೇ ಹೊತ್ತು ಕೊಟ್ಟು ಕಲಿಸಿ. ಲಿವರ್ ಬೈಂಡರ್ ಬಿಚ್ಚುವಾಗ ಹಿಡಿ ಚಿಮ್ಮಿ ದವಡೆಗೆ ಹೊಡೆಯುತ್ತದೆ, ಅದಕ್ಕೆ ಪೈಪ್ ತೂರಿಸಿದ್ದರೆ ಇನ್ನೂ ಜೋರು. ಆಗುವುದಾದರೆ ಲಿವರ್ ಬಿಟ್ಟು, ಸ್ವಲ್ಪ ಸ್ವಲ್ಪವೇ ತಿರುಪಿ ಸಡಿಲಿಸುವ ರ‍್ಯಾಚೆಟ್ ಬೈಂಡರ್ ತಗೊಳ್ಳಿ. ಬಿಚ್ಚುವ ಮುಂಚೆ ಮೆಷಿನ್ ಯಾವ ಕಡೆ ವಾಲಿದೆ ಅಂತ ನೋಡಬೇಕು, ಆ ಕಡೆ ಯಾರೂ ನಿಂತಿರಬಾರದು. ನಿಮ್ಮ ಟ್ರೇಲರ್ ಡೆಕ್ ಮರದ್ದಾ ಕಬ್ಬಿಣದ್ದಾ, ಕೊಂಡಿ ಎಷ್ಟಿವೆ, ರೋಲರ್ ಎಷ್ಟು ಟನ್ ಅಂತ ಬರೆದರೆ ಯಾವ ಅಳತೆಯ ಚೈನ್ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.