ಹಿಂದಿನ ಎಡಗಾಲಿಯಲ್ಲಿ ಒಳಗಿನ ಬ್ರೇಕ್ ಪ್ಯಾಡ್ ಮಾತ್ರ ಸವೆದಿದೆ, ಹೊಸ ಪ್ಯಾಡ್ ಹಾಕಿಸಿದರೆ ಸಾಕೇ?

ಸಾಲದು. ಹಿಂದಿನ ಎಡಗಾಲಿಯ ಒಳಗಿನ ಪ್ಯಾಡ್ 3 ಮಿ.ಮೀ.ಗೆ ಇಳಿದಿದೆ, ಅದೇ ಗಾಲಿಯ ಹೊರಗಿನದು ಇನ್ನೂ 8 ಮಿ.ಮೀ. ಇದೆ, ಮುಂದಿನವು ಓರೆಯಾಗಿ ಸವೆದಿವೆ, ಗ್ಯಾರೇಜಿನವರು ಹೊಸ ಸೆಟ್ ಹಾಕೋಣ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಕಾರಣ ಹುಡುಕದೆ ಹಾಕಿಸಿದರೆ ಹೊಸ ಸೆಟ್ಟಿನ ಗತಿಯೂ ಇದೇ. ಹಳೆಯ ಪ್ಯಾಡುಗಳನ್ನು ಬಿಸಾಡಲು ಬಿಡಬೇಡಿ. ಯಾವ ಗಾಲಿಯದು, ಒಳಗಿನದೋ ಹೊರಗಿನದೋ, ಯಾವ ತುದಿ ಮೇಲಿತ್ತು ಎಂದು ಪ್ರತಿಯೊಂದರ ಬೆನ್ನಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ.

ನಿಮ್ಮ ಕಾರಿನ ಹಿಂದಿನ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ, ಒಂದೇ ಪಿಸ್ಟನ್ನಿನದು, ಫ್ಲೋಟಿಂಗ್ ಬಗೆಯದು. ಪಿಸ್ಟನ್ ಒಳಗಿನ ಪ್ಯಾಡನ್ನು ಗಾಲಿಯ ಜೊತೆ ತಿರುಗುವ ಡಿಸ್ಕಿಗೆ ಒತ್ತುತ್ತದೆ. ಆ ಒತ್ತಿಗೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್ನುಗಳ ಮೇಲೆ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಬಿಗಿಯಾದರೆ ಕ್ಯಾಲಿಪರ್ ಸರಿಯುವುದಿಲ್ಲ, ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ. ಬಳ್ಳಾರಿ–ತೋರಣಗಲ್ಲು ರಸ್ತೆಯಲ್ಲಿ ದಿನಾ ಓಡುವ ಗಾಡಿಯಾದರೆ ಮೊದಲ ಅನುಮಾನ ಪಿನ್ನಿನ ಮೇಲೆಯೇ ಇರಲಿ. ಅದಿರು ಲಾರಿಗಳ ಕೆಂಪು ಧೂಳು ನುಣ್ಣಗಿದ್ದರೂ ಗಡಸು. ಪಿನ್ನಿನ ರಬ್ಬರ್ ಬೂಟು ಒಂದಿಷ್ಟು ಹರಿದರೂ ಒಳಗೆ ಹೋಗಿ, ಗ್ರೀಸಿನ ಜೊತೆ ಕಲೆತು, ವಾಲ್ವ್ ಉಜ್ಜುವ ಪೇಸ್ಟಿನಂತಾಗುತ್ತದೆ.

ಕ್ಯಾಲಿಪರ್ ಬಿಚ್ಚಿದಾಗ ಎರಡೂ ಪಿನ್ನುಗಳನ್ನು ಬೆರಳಿನಿಂದಲೇ ಸರಿಸಿ ನೋಡಿ. ಸುತ್ತಿಗೆ ಬೇಕಾಯಿತೆಂದರೆ ಕಳ್ಳ ಸಿಕ್ಕ ಹಾಗೆ. ಬ್ರೇಕ್ ಕ್ಲೀನರಿನಿಂದ ಪಿನ್ನನ್ನೂ ರಂಧ್ರವನ್ನೂ ಪೂರ್ತಿ ತೊಳೆಯಿರಿ. ಪೆಟ್ರೋಲು, ಡೀಸೆಲ್ ಬೇಡ. ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ತಗುಲಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಜಾಮ್ ಆಗುತ್ತದೆ, ಅನೇಕ ಕಡೆ ನಡೆಯುವ ತಪ್ಪು ಇದೇ. ಕೆಲವು ಕಾರುಗಳಲ್ಲಿ ಎರಡರಲ್ಲೊಂದು ಪಿನ್ನಿಗೆ ಮಾತ್ರ ತುದಿಯಲ್ಲಿ ರಬ್ಬರ್ ತೋಳು ಇರುತ್ತದೆ. ಅದು ತನ್ನ ರಂಧ್ರಕ್ಕೇ ಹೋಗಬೇಕು.

ಪಿನ್ನುಗಳು ಸಲೀಸಾಗಿವೆಯೇ? ಹಾಗಾದರೆ ಪಿಸ್ಟನ್ ನೋಡಿ. ಅದನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇಲ್ಲ. ಬ್ರೇಕ್ ಒತ್ತಿದಾಗ ತಿರುಚಿಕೊಂಡ, ಪಿಸ್ಟನ್ ಸುತ್ತಲಿನ ಚೌಕ ರಬ್ಬರ್ ಸೀಲು ನೆಟ್ಟಗಾಗುವಾಗ ಕೂದಲೆಳೆಯಷ್ಟು ಹಿಂದೆಳೆಯುತ್ತದೆ, ಅಷ್ಟೇ. ಪಿಸ್ಟನ್ ಮೇಲೆ ತುಕ್ಕು ಹಿಡಿದರೆ ಆ ಕೆಲಸ ನಿಂತು, ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಓಡುತ್ತದೆ. ಪಿಸ್ಟನ್ನನ್ನು ಸಿ-ಕ್ಲಾಂಪಿನಿಂದ ನಿಧಾನವಾಗಿ ಒಳಕ್ಕೆ ಒತ್ತಿ. ಹೋಗದಿದ್ದರೆ ಬ್ಲೀಡ್ ನಿಪ್ಪಲ್ಲನ್ನು (ಕ್ಯಾಲಿಪರಿನಿಂದ ಗಾಳಿ, ಆಯಿಲ್ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ ಮತ್ತೆ ಒತ್ತಿ. ಈಗ ಸುಲಭವಾಗಿ ಹೋದರೆ ಕ್ಯಾಲಿಪರಿಗೆ ಆಯಿಲ್ ತರುವ ಹೋಸಿನ ಒಳಪದರ ಊದಿ ಬ್ರೇಕ್ ಆಯಿಲ್ ವಾಪಸಾಗುತ್ತಿಲ್ಲ ಎಂದರ್ಥ. ಆಗಲೂ ಹೋಗದಿದ್ದರೆ ಪಿಸ್ಟನ್ನೇ ಸಿಕ್ಕಿಕೊಂಡಿದೆ. ಒಂದು ಎಚ್ಚರ: ಹಿಂದೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಸ್ಕ್ಯಾನರಿನಿಂದ ಸರ್ವಿಸ್ ಮೋಡಿಗೆ ಹಾಕದೆ ಕ್ಲಾಂಪ್ ಮುಟ್ಟಬೇಡಿ, ಒಳಗಿನ ಗೇರು ಹಾಳಾಗುತ್ತದೆ. ಕೇಬಲ್ ಹ್ಯಾಂಡ್‌ಬ್ರೇಕಿನ ಕೆಲವು ಪಿಸ್ಟನ್ನುಗಳನ್ನು ತಿರುಗಿಸುತ್ತ ಒಳಕ್ಕೆ ಕಳಿಸಬೇಕು. ಕೇಬಲ್ ಪೂರ್ತಿ ಸಡಿಲಾಗದಿದ್ದರೂ ಒಳಗಿನ ಪ್ಯಾಡೇ ಮೊದಲು ಸವೆಯುವುದು.

ಮುಂದಿನ ಓರೆ ಸವೆತದ ಕತೆ ಬೇರೆ. ಅಲ್ಲಿರುವುದು ನಾಲ್ಕು ಪಿಸ್ಟನ್ನಿನ ಫಿಕ್ಸೆಡ್ ಕ್ಯಾಲಿಪರ್, ಸರಿಯಲು ಪಿನ್ನೇ ಇಲ್ಲ. ತಿರುಗುವ ಡಿಸ್ಕು ಮೊದಲು ಸಿಗುವ ತುದಿಯನ್ನು ತನ್ನೊಳಕ್ಕೆ ಎಳೆದುಕೊಳ್ಳುವುದರಿಂದ ಆ ತುದಿ ಹೆಚ್ಚು ಸವೆಯುವುದು ಸಹಜ. ಅದನ್ನು ಸರಿದೂಗಿಸಲೆಂದೇ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಆ ಕಡೆ ಸಣ್ಣ ಪಿಸ್ಟನ್, ಇನ್ನೊಂದು ಕಡೆ ದೊಡ್ಡದು ಇಡುತ್ತಾರೆ. ಎರಡು ತುದಿಗಳ ದಪ್ಪದ ಅಂತರ ಒಂದು ಮಿ.ಮೀ. ಒಳಗಿದ್ದರೆ ನಾನಾದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಚ್ಚಿದ್ದರೆ ಒಂದು ಪಿಸ್ಟನ್ ಜಾಮ್ ಆಗಿದೆಯೇ ನೋಡಿ. ಹಿಂದೆ ಯಾರಾದರೂ ಕ್ಯಾಲಿಪರುಗಳನ್ನು ಎಡ-ಬಲ ಅದಲುಬದಲು ಮಾಡಿದ್ದರೂ ಹೀಗಾಗುತ್ತದೆ. ಬ್ಲೀಡ್ ನಿಪ್ಪಲ್ ಮೇಲ್ಗಡೆ ಇರಬೇಕು. ಪ್ಯಾಡಿನ ಬೆನ್ನಿನ ಮೇಲೆ ಬಾಣವಿದ್ದರೆ ಅದು ಕಾರು ಮುಂದೆ ಹೋಗುವಾಗ ಡಿಸ್ಕು ತಿರುಗುವ ದಿಕ್ಕಿಗಿರಬೇಕು.

ಡ್ಯಾಶ್‌ಬೋರ್ಡಿನ ದೀಪ ಹತ್ತಿಲ್ಲ ಎಂದು ನಂಬಿ ಕೂರಬೇಡಿ. ಎಷ್ಟೋ ಕಾರುಗಳಲ್ಲಿ ಸವೆತದ ಸೆನ್ಸರ್ ಒಂದು ಆಕ್ಸಲ್ಲಿನ ಒಂದೇ ಗಾಲಿಯಲ್ಲಿರುತ್ತದೆ. ಅದು ಬಲಗಡೆ ಇದ್ದರೆ ನಿಮ್ಮ ಎಡಗಾಲಿ ಅದಕ್ಕೆ ಕಾಣುವುದೇ ಇಲ್ಲ.

ಹೊಸ ಪ್ಯಾಡ್ ಹಾಕುವಾಗ ಆ ಆಕ್ಸಲ್ಲಿನ ಎರಡೂ ಗಾಲಿಗೆ ಹಾಕಿಸಿ. ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಅದು ತೆಳುವಾಗಿಲ್ಲವೇ ಅಳೆಯಿರಿ. ಗಾಡಿ ಹೊರಡಿಸುವ ಮೊದಲು ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಅದನ್ನು ಮತ್ತೆ ಮತ್ತೆ ಒತ್ತಿ, ಬಿಡಿ. ಆಮೇಲೆ ಬೆಳಗಿನ ಜಾವ, ರಸ್ತೆ ಖಾಲಿ ಇರುವಾಗ, 60ರಿಂದ 20 ಕಿ.ಮೀ. ವೇಗಕ್ಕೆ ಹತ್ತು ಸಲ ಹದವಾಗಿ ಇಳಿಸಿ, ನಡುವೆ ಪೂರ್ತಿ ನಿಲ್ಲಿಸದೆ. ಡಿಸ್ಕು ತಣಿದ ಮೇಲೆ ಇನ್ನೊಮ್ಮೆ ಅದೇ ತೋರಣಗಲ್ಲು ರಸ್ತೆಯ ಕುಡತಿನಿವರೆಗೆ ಬ್ರೇಕ್ ಆದಷ್ಟು ಕಡಿಮೆ ಬಳಸಿ ಹೋಗಿ, ಇಳಿದು ಹಿಂದಿನ ಎರಡೂ ಡಿಸ್ಕುಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ, ಕೈಯಿಂದಲ್ಲ. ಎಡಗಡೆಯದು ಬಲಕ್ಕಿಂತ ಎದ್ದು ಕಾಣುವಷ್ಟು ಬಿಸಿ ಇದ್ದರೆ ದೋಷ ಇನ್ನೂ ಅಲ್ಲೇ ಇದೆ. ಗಾಡಿಯನ್ನು ವಾಪಸ್ ರ‍್ಯಾಂಪಿಗೆ ಹತ್ತಿಸಿ.