ಕಾರು ಆಕ್ಸಿಡೆಂಟ್ ಆದ ಮೇಲೆ ಲಾರಿ ಕೆಲಸ ಸಿಗುತ್ತಾ? ಸೋಮವಾರಪೇಟೆ ಅಕ್ಕನಿಗೆ ಉತ್ತರ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ತಮ್ಮನಿಗೆ 23 ವರ್ಷ, ಕಾರಿನ ಲೈಸೆನ್ಸ್ ತೆಗೆದು ಮೂರು ವರ್ಷ. ಎರಡು ತಿಂಗಳ ಹಿಂದೆ ಸುಂಟಿಕೊಪ್ಪದ ಹತ್ತಿರ ತಿರುವಿನಲ್ಲಿ ಅವನ ಕಾರು ಬೈಕಿಗೆ ತಾಗಿ ಬೈಕಿನವರ ಕಾಲು ಮುರಿದಿದೆ, ಪೊಲೀಸ್ ಕೇಸ್ ಆಗಿದೆ. ಅವನಿಗೂ ಕುತ್ತಿಗೆ ನೋವು ಹೋಗಿಲ್ಲ. ಶುಂಠಿ ಬೆಳೆಯಲ್ಲಿ ದುಡ್ಡು ಕಳೆದುಕೊಂಡಿದ್ದಾನೆ, ಈಗ ಲಾರಿ ಓಡಿಸುತ್ತೇನೆ ಅಂತ ಕೂತಿದ್ದಾನೆ. ಕೇಸ್ ಇರುವಾಗ ಹೆವಿ ಲೈಸೆನ್ಸ್ (ಲಾರಿಯಂಥ ಭಾರಿ ಗಾಡಿಯ ಲೈಸೆನ್ಸ್) ಕೊಡುತ್ತಾರಾ, ಕೊಟ್ಟರೂ ಯಾರಾದರೂ ಕೆಲಸಕ್ಕೆ ಕರೆಯುತ್ತಾರಾ ಅನ್ನುವುದು ನಿಮ್ಮ ಚಿಂತೆ. ನಮ್ಮದು ಕಾಫಿ, ಮೆಣಸು ಸಾಗಿಸುವ ಗಾಡಿಗಳು. ಡ್ರೈವರ್‌ಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವವನು ನಾನೇ. ಆ ಕಡೆಯಿಂದ ನೋಡಿ ಹೇಳುತ್ತೇನೆ.

ಈ ಗುಂಪಿನಲ್ಲಿ ಒಬ್ಬರು "ಕೇಸ್ ಬಿದ್ದರೆ ಲೈಸೆನ್ಸ್ ಕಥೆ ಮುಗೀತು" ಅಂತ ಬರೆದಿದ್ದಾರೆ. ಹಾಗೇನಿಲ್ಲ. ಎಫ್‌ಐಆರ್ ಆದ ಮಾತ್ರಕ್ಕೆ ಲೈಸೆನ್ಸ್ ರದ್ದಾಗುವುದಿಲ್ಲ. ಆರ್‌ಟಿಒ ಅಮಾನತು ಮಾಡಬೇಕೆಂದರೆ ಮೊದಲು ನೋಟಿಸ್ ಕೊಟ್ಟು ಅವನ ಮಾತು ಕೇಳಬೇಕು. ಇಲ್ಲವೇ ಕೋರ್ಟ್ ಶಿಕ್ಷೆ ಕೊಡುವಾಗ ಇಂತಿಷ್ಟು ಕಾಲ ಗಾಡಿ ಓಡಿಸಬಾರದು ಅಂತ ಹೇಳಬಹುದು. ಇವೆರಡೂ ಆಗಿಲ್ಲ ಅಂದರೆ ಲೈಸೆನ್ಸ್ ಚಾಲ್ತಿಯಲ್ಲೇ ಇದೆ. ಪೊಲೀಸರು ಲೈಸೆನ್ಸ್ ಕಾರ್ಡ್ ಇಟ್ಟುಕೊಂಡಿದ್ದರೆ ಅದಕ್ಕೆ ಬರಹದಲ್ಲಿ ರಸೀದಿ ಇಸ್ಕೊಂಡಿದ್ದಾನಾ ಕೇಳಿ. ಎಷ್ಟೋ ಹುಡುಗರು ಹೆದರಿ ಸುಮ್ನೆ ಕಾರ್ಡ್ ಕೊಟ್ಟು ಬಂದಿರುತ್ತಾರೆ.

ಈಗ ನಿಜವಾಗಿ ಹುಷಾರಾಗಿರಬೇಕಾದ ಜಾಗಕ್ಕೆ ಬರುತ್ತೇನೆ. 2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಇಂಥ ಕೇಸಿಗೆ ಸಾಮಾನ್ಯವಾಗಿ ಸೆಕ್ಷನ್ 281 (ಅಜಾಗರೂಕ ಚಾಲನೆ) ಮತ್ತು 125 (ಇನ್ನೊಬ್ಬರ ಜೀವಕ್ಕೆ ಅಪಾಯ ತರುವ ಕೆಲಸ) ಹಾಕುತ್ತಾರೆ. ಮೂಳೆ ಮುರಿದಿದ್ದರೆ ಕಾನೂನಿನಲ್ಲಿ ಅದು ತೀವ್ರ ಗಾಯ. ಅದಕ್ಕೆ 125ರ ಕೆಳಗೆ 3 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದರ ಜೊತೆಗೆ ಕೆಲವೊಮ್ಮೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184, ಅಂದರೆ ಅಪಾಯಕಾರಿ ಚಾಲನೆ, ಸೇರಿಸಿರುತ್ತಾರೆ. ಕೋರ್ಟಿನ ಹೊರಗೆ ಯಾರೋ ಒಬ್ಬರು ಬಂದು "ತಪ್ಪು ಒಪ್ಪಿಕೊಂಡು ಫೈನ್ ಕಟ್ಟಿ, ಇವತ್ತೇ ಮುಗಿಯುತ್ತೆ" ಅಂತಾರೆ. ಊರಿನವರಿಗೂ ಅದೇ ಸಲೀಸು ಅನ್ನಿಸುತ್ತೆ. ಸ್ವಂತ ಕಾರಿನಲ್ಲಿ ಮದುವೆ ಮುಂಜಿಗೆ ಹೋಗಿ ಬರುವವನಿಗೆ ಅದು ನಡೆದೀತು. ಸ್ಟೀರಿಂಗೇ ಜೀವನ ಅಂತ ಹೊರಟವನಿಗೆ ಬೇಡ. ಹಾಗೆ ಒಪ್ಪಿಕೊಂಡರೆ ಅದು ಶಿಕ್ಷೆಯಾದ ಕೇಸ್ ಅಂತಲೇ ದಾಖಲೆಗೆ ಹೋಗುತ್ತದೆ. ಹಿಂದೆ 184ರಲ್ಲಿ ಶಿಕ್ಷೆಯಾದವನ ಮೇಲೆ ಮತ್ತೆ ಅಂಥದ್ದೇ ಚಾಲನೆಯಿಂದ ಸಾವು ಅಥವಾ ತೀವ್ರ ಗಾಯದ ಕೇಸ್ ದಾಖಲಾದರೆ, ಅವತ್ತಿನಿಂದಲೇ ಆ ಬಗೆಯ ಗಾಡಿಯ ಲೈಸೆನ್ಸ್ 6 ತಿಂಗಳು ಅಮಾನತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 21 ಹಾಗೇ ಹೇಳುತ್ತದೆ. ವಿಚಾರಣೆ ಮುಗಿಯುವವರೆಗೂ ಕಾಯುವುದಿಲ್ಲ. ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ ಆಕ್ಸಿಡೆಂಟ್ ಕೇಸ್ ನಡೆಸುವ ವಕೀಲರಿಗೆ ಒಂದಿಷ್ಟು ಫೀಸ್ ಕೊಟ್ಟು ಎಫ್‌ಐಆರ್ ತೋರಿಸಿ. ಅವರು ನೋಡಿ ಹೇಳಿದ ಮೇಲೆ ಒಪ್ಪಿಕೊಳ್ಳುವುದೋ ಬಿಡುವುದೋ ತೀರ್ಮಾನ ಮಾಡಿ.

ಬೈಕಿನವರು ಪರಿಹಾರಕ್ಕೆ ಹಾಕುವ ಕೇಸ್ ಬೇರೆ. ಕಾರಿಗೆ ಇನ್ಶೂರೆನ್ಸ್ ಇದ್ದು ತಮ್ಮನ ಲೈಸೆನ್ಸ್ ಸರಿ ಇದ್ದರೆ ಅದನ್ನು ಕಂಪನಿ ನೋಡಿಕೊಳ್ಳುತ್ತದೆ. ಬಂದ ನೋಟಿಸನ್ನೆಲ್ಲ ಬೀರುವಿನಲ್ಲಿಟ್ಟು ಮರೆಯಬೇಡಿ, ಅಷ್ಟೇ.

ಕೆಲಸ ಕೊಡುವವರು ಏನು ನೋಡುತ್ತಾರೆ ಅಂತ ಕೇಳಿದ್ದೀರಿ. ನಮ್ಮಲ್ಲಿ ಇನ್ಶೂರೆನ್ಸ್ ಇರುವುದು ಗಾಡಿಯ ಮೇಲೆ. ನಿಮ್ಮ ತಮ್ಮ ಈ ಮೊದಲು ಕಾರು ತಾಗಿಸಿದ್ದಾನೆ ಅಂತ ನನ್ನ ಲಾರಿಯ ಪ್ರೀಮಿಯಂ ಏರುವುದಿಲ್ಲ. ನನಗೆ ಭಯ ಇರುವುದು ಬೇರೆಯದಕ್ಕೆ. ಡ್ರೈವರ್‌ಗೆ ಆ ಗಾಡಿಗೆ ತಕ್ಕ ಲೈಸೆನ್ಸ್ ಇಲ್ಲದಿದ್ದರೆ, ಅಥವಾ ಅದು ಅಮಾನತಿನಲ್ಲಿದ್ದರೆ, ಇನ್ಶೂರೆನ್ಸ್‌ನವರು ಗಾಯಾಳುವಿಗೆ ದುಡ್ಡು ಕೊಟ್ಟು ಆಮೇಲೆ ಮಾಲೀಕನ ಹತ್ತಿರ ವಸೂಲಿ ಮಾಡಬಹುದು. ತೋಟ ಮಾರಬೇಕಾಗುತ್ತೆ. ಅದಕ್ಕೇ ಮೊದಲ ದಿನವೇ ಕೇಸ್ ವಿಷಯ ಹೇಳಿ ಎಫ್‌ಐಆರ್ ಕಾಪಿ ತೋರಿಸುವ ಹುಡುಗನನ್ನು ನಾನು ಇಟ್ಟುಕೊಂಡೇನು. ಮುಚ್ಚಿಟ್ಟು, ನಡು ಸೀಸನ್‌ನಲ್ಲಿ "ಅಣ್ಣ, ನಾಳೆ ಕೋರ್ಟ್ ಇದೆ" ಅನ್ನುವವನನ್ನು ಇಟ್ಟುಕೊಳ್ಳಲ್ಲ. ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗಳಾದರೆ ಪೊಲೀಸ್ ವೆರಿಫಿಕೇಶನ್ ಕೇಳುತ್ತಾರೆ. ಕೇಸ್ ಬಾಕಿ ಇರುವಾಗ ಅಲ್ಲಿ ಕಷ್ಟ.

ಇನ್ನು ಕುತ್ತಿಗೆ. ಇದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ, ನನಗೆ ಕೇಸಿಗಿಂತ ಇದೇ ಜಾಸ್ತಿ ಯೋಚನೆ. ಲಾರಿಯಲ್ಲಿ ಎರಡೂ ಕಡೆ ಕನ್ನಡಿ ನೋಡುತ್ತಾ ಕತ್ತು ತಿರುಗಿಸುತ್ತಲೇ ಇರಬೇಕು. ರಿವರ್ಸ್ ಹಾಕುವಾಗ ತಲೆ ಹೊರಗೆ ಹಾಕಬೇಕು. ನಮ್ಮ ತೋಟದ ರಸ್ತೆಗಳಲ್ಲಿ ಸೀಟಿನಲ್ಲಿ ಕೂತೇ ಮೈಯೆಲ್ಲ ಕುಲುಕಿ ಹೋಗುತ್ತದೆ. ಟಾರ್ಪಾಲ್ ಎಳೆದು ಹಗ್ಗ ಬಿಗಿಯುವುದೂ ಡ್ರೈವರ್ ಪಾಲಿಗೇ ಬರುತ್ತದೆ. 50 ಕೆಜಿಯ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಇಳಿಸಲು ಆಳು ಕಮ್ಮಿಯಾದರೆ ಹೆಗಲು ಕೊಡದೆ ಆಗಲ್ಲ. ಲೈಸೆನ್ಸಿಗೆ ಹೇಗೂ ಫಾರ್ಮ್ 1ಎ ಅಂತ ಡಾಕ್ಟರ್ ಸರ್ಟಿಫಿಕೇಟ್ ಬೇಕು. ತಲೆಸುತ್ತು, ಪ್ರಜ್ಞೆ ತಪ್ಪುವುದು, ಫಿಟ್ಸ್ ಇದೆಯಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ. ನೂರಿನ್ನೂರು ಕೊಟ್ಟರೆ ನೋಡದೆ ಸಹಿ ಹಾಕಿಸಿಕೊಡುವ ಬ್ರೋಕರ್‌ಗಳಿದ್ದಾರೆ, ಅವರ ಹತ್ತಿರ ಹೋಗಬೇಡಿ. ಮೂಳೆ ಡಾಕ್ಟರ್‌ಗೆ ನಿಜವಾಗಿ ತೋರಿಸಿ. ಆಕ್ಸಿಡೆಂಟ್‌ನಲ್ಲಿ ತಲೆಗೂ ಪೆಟ್ಟಾಗಿದ್ದರೆ ಅದನ್ನೂ ಹೇಳಿ. ಕೈ ಜೋಮು ಹಿಡಿಯುತ್ತಿದ್ದರೆ ಅದು ವಾಸಿಯಾಗುವವರೆಗೆ ಹೆವಿ ಕ್ಲಾಸಿಗೆ ಸೇರಿಸಬೇಡಿ.

ಲೈಸೆನ್ಸ್ ದಾರಿ ಚಿಕ್ಕದಾಗಿ: ಟ್ರಾನ್ಸ್‌ಪೋರ್ಟ್ ಗಾಡಿಗೆ ವಯಸ್ಸು 20 ತುಂಬಿರಬೇಕು, ಲೈಟ್ ಮೋಟಾರ್ ಲೈಸೆನ್ಸ್ ಕನಿಷ್ಠ 1 ವರ್ಷ ಹಳೆಯದಿರಬೇಕು. ತಮ್ಮನಿಗೆ ಎರಡೂ ಇದೆ. ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಹಾಕಿ, 30 ದಿನ ಕಳೆದ ಮೇಲೆ, 6 ತಿಂಗಳೊಳಗೆ ಮಡಿಕೇರಿ ಆರ್‌ಟಿಒದಲ್ಲಿ ಟೆಸ್ಟ್ ಕೊಡಬೇಕು. ಡ್ರೈವಿಂಗ್ ಸ್ಕೂಲಿನ ಫಾರ್ಮ್ 5, ಅಂದರೆ ತರಬೇತಿ ಸರ್ಟಿಫಿಕೇಟ್, ಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ 2019ರಲ್ಲೇ ಹೋಯಿತು. ಲೈಸೆನ್ಸ್ 5 ವರ್ಷಕ್ಕೊಮ್ಮೆ ರಿನ್ಯೂ. ಪೆಟ್ರೋಲ್, ಗ್ಯಾಸ್ ಟ್ಯಾಂಕರ್‌ಗೆ ಬೇರೆ ತರಬೇತಿ ಇದೆ, ಸದ್ಯಕ್ಕೆ ಆ ಮಾತು ಬೇಡ.

ಆದರೆ ನನ್ನ ಕೇಳಿದರೆ ಈ ವರ್ಷ ಹೆವಿಗೆ ಓಡುವುದೇ ಬೇಡ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ವಿಷಯ ಖಚಿತ ಮಾಡಿದೆ. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಯನ್ನು ಕಾರಿನ ಲೈಸೆನ್ಸ್ ಇದ್ದವರೇ ಓಡಿಸಬಹುದು, ಬೇರೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಡ. ಅಂದರೆ ಕುತ್ತಿಗೆ ನೋವಿಲ್ಲ ಅಂತಾದ ದಿನದಿಂದ ಅವನು ಟಾಟಾ ಏಸ್, ಬೊಲೆರೊ ಪಿಕಪ್ ಓಡಿಸಬಹುದು. ಸ್ವಲ್ಪ ದೊಡ್ಡ ಗಾಡಿಯಾದರೆ ಆರ್‌ಸಿಯಲ್ಲಿ ಒಟ್ಟು ತೂಕ ನೋಡಿಕೊಳ್ಳಲಿ. ನವೆಂಬರ್ ಕೊನೆಯಿಂದ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ, ಆಮೇಲೆ ಮೆಣಸು. ಮಾರ್ಚ್‌ವರೆಗೆ ಸಿದ್ದಾಪುರ, ಪಾಲಿಬೆಟ್ಟ ಕಡೆಯಿಂದ ಕುಶಾಲನಗರದ ಕೂಡ್ಲೂರಿನ ಕ್ಯೂರಿಂಗ್‌ಗಳಿಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗಳಿಗೆ) ಪಿಕಪ್ ಡ್ರೈವರ್‌ಗಳಿಗೆ ಬಿಡುವೇ ಇರಲ್ಲ. ಒಂದು ಸೀಸನ್ ಲೋಡ್ ಹಾಕಿ ಓಡಿಸಿದರೆ ಬ್ರೇಕ್ ಎಂದರೇನು ಅಂತ ಕಾಲಿಗೇ ಗೊತ್ತಾಗುತ್ತೆ. ಆಕ್ಸಿಡೆಂಟ್‌ನ ಭಯ ಮನಸ್ಸಿನಲ್ಲಿ ಉಳಿದಿದೆಯಾ ಅಂತಲೂ ತಿಳಿಯುತ್ತೆ. ಒಂದು ವಾರ ಪಕ್ಕದಲ್ಲಿ ಹಳಬ ಡ್ರೈವರ್ ಕೂರಲಿ, ಬೆಳಗಿನ ಮಂಜಿನಲ್ಲಿ ಆನೆಕಾಡು ದಾಟುವಾಗಂತೂ ಬೇಕೇ ಬೇಕು.

ಪಿಕಪ್‌ನಲ್ಲಿ ಒಂದು ಬಲೆ ಇದೆ. ಕೊಯ್ಲು ಸಮಯದಲ್ಲಿ ಮಾಲೀಕರು "ಹೋಗುವಾಗ ಕೆಲಸದವರನ್ನೂ ಹಿಂದೆ ಹತ್ತಿಸಿಕೊಂಡು ಹೋಗು" ಅಂತಾರೆ. ಎಲ್ಲರೂ ಮಾಡುತ್ತಾರೆ, ನಿಜ. ಸರಕು ಗಾಡಿಯಲ್ಲಿ ಜನ ಸಾಗಿಸುವುದು ಲೈಸೆನ್ಸ್ ಅಮಾನತಿಗೆ ಸಾಕಾಗುವ ತಪ್ಪು. ಹಾಗೆ ಹತ್ತಿದವರಿಗೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಕೇಸ್ ಇರುವ ಹುಡುಗ ಇದಕ್ಕೆ ಮಾತ್ರ ಆಗಲ್ಲ ಅನ್ನಲೇಬೇಕು, ಕೆಲಸ ಹೋದರೂ ಸರಿ. ಓವರ್‌ಲೋಡ್ ಕೂಡ ಅಷ್ಟೇ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ರಲ್ಲಿ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಮುಂದಿನ ವರ್ಷ ಹೆವಿ ಕಲಿಯುವಾಗ ಮೈದಾನದಲ್ಲಿ ಎಂಟು ಹಾಕುವುದನ್ನು ಕಲಿತರೆ ಸಾಲದು. ಮಡಿಕೇರಿಯಿಂದ ಸಂಪಾಜೆಗೆ ಲೋಡ್ ಗಾಡಿ ಇಳಿಸುವುದನ್ನು ಹಳಬರ ಪಕ್ಕ ಕೂತು ನೋಡಬೇಕು. ಮಂಗಳೂರು ಬಂದರಿಗೆ ಹೋಗುವ ಕಾಫಿ ಇಳಿಯುವುದು ಆ ದಾರಿಯಲ್ಲೇ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ, ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಡ್ರಮ್ ಕಾದು ಕೆಳಗಿನ ತಿರುವಿನಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ಬ್ರೇಕಿನ ಗಾಳಿ ಒತ್ತಡ ತೋರಿಸುವ ಏರ್ ಮೀಟರ್ ಮೇಲೆ ಒಂದು ಕಣ್ಣಿರಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಈ ರಸ್ತೆಯೇ ಬಂದ್ ಆಗಿತ್ತು, ನಿಮಗೂ ನೆನಪಿರುತ್ತೆ. ಈಗಲೂ ಜೋರು ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ಗಾಡಿಗಳನ್ನು ತಡೆಯುವುದುಂಟು. ಆಗ ಲಾರಿಗೆ ಬಾಡಿಗೆ ಇಲ್ಲ, ಡ್ರೈವರ್‌ಗೆ ಬಾಟಾ (ದಿನದ ಭತ್ಯೆ) ಇಲ್ಲ. ಆ ತಿಂಗಳುಗಳಿಗೆ ಮನೆಯಲ್ಲಿ ಬೇರೆ ದಾರಿ ಇರಬೇಕು. ಶುಂಠಿ ಬಿಟ್ಟರೂ ಇರುವ ತೋಟದ ಕೆಲಸ ಬಿಡಬೇಡ ಅನ್ನಿ.

ಮೊದಲು ಇಷ್ಟು ನೋಡಿ ಹೇಳಿ ಅಕ್ಕ: ಎಫ್‌ಐಆರ್‌ನಲ್ಲಿ 184 ಸೇರಿಸಿದ್ದಾರಾ, ಲೈಸೆನ್ಸ್ ಕಾರ್ಡ್ ಅವನ ಕೈಯಲ್ಲಿದೆಯಾ ಠಾಣೆಯಲ್ಲಿದೆಯಾ, ಕುತ್ತಿಗೆಗೆ ಎಕ್ಸ್‌ರೇ ತೆಗೆಸಿದ್ದೀರಾ? ಇವು ಸರಿ ಇದ್ದರೆ ಅಕ್ಟೋಬರ್‌ನಲ್ಲಿ ಪಿಕಪ್ ಮಾಲೀಕರು ಡ್ರೈವರ್ ಹುಡುಕಲು ಶುರು ಮಾಡುವಾಗ ಇದೇ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ.